ಮುಳ್ಳಯ್ಯನಗಿರಿಯ ಎತ್ತರವೂ ಸಾಲದು: ಎಕ್ಸ್-ರೇ ಟೆಲಿಸ್ಕೋಪನ್ನು ಬಲೂನಿಗೆ ಯಾಕೆ ಕಟ್ಟುತ್ತಾರೆ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಮಗಳು ಹತ್ತನೇ ತರಗತಿ. ದೊಡ್ಡ ಬಲೂನಿಗೆ ಎಕ್ಸ್-ರೇ ಟೆಲಿಸ್ಕೋಪ್ ಕಟ್ಟಿ ಆಕಾಶಕ್ಕೆ ಬಿಡುತ್ತಾರೆ ಅಂತ ಸ್ಕೂಲಲ್ಲಿ ಹೇಳಿದರಂತೆ. ಅವತ್ತಿನಿಂದ ಒಂದೇ ಸಮ ಪ್ರಶ್ನೆ. ಎಕ್ಸ್-ರೇ ನಮ್ಮ ಮೈಯನ್ನೇ ತೂರಿ ಹೋಗುತ್ತೆ, ಬರೀ ಗಾಳಿ ಅದನ್ನು ಹೇಗೆ ತಡೆಯುತ್ತೆ? ಎತ್ತರ ಬೇಕಾದರೆ ಮುಳ್ಳಯ್ಯನಗಿರಿ ಮೇಲೆ ಇಟ್ಟರೆ ಆಗಲ್ವಾ? ರಾಕೆಟ್, ಉಪಗ್ರಹ ಎಲ್ಲ ಇರುವಾಗ ಬಲೂನ್ ಯಾಕೆ? ಹಾಸನದಲ್ಲೇ ಇಸ್ರೋ ಇದೆಯಲ್ಲ, ಇಲ್ಲಿಂದಲೇ ಹಾರಿಸಬಾರದಾ? ನಮಗೂ ಗೊತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಮಗಳು ಕೇಳಿದ್ದರಲ್ಲಿ ಮೊದಲನೆಯದೇ ಗಟ್ಟಿ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಉಳಿದವಕ್ಕೂ ಅರ್ಧ ಉತ್ತರ ಸಿಕ್ಕ ಹಾಗೆ. ನಾನು ಹಾಸನದವನು. ವಯಸ್ಸಿನಲ್ಲಿ ಹಲವು ವರ್ಷ ಬಲೂನಿನಲ್ಲಿ ಹಾರಿಸುವ ಎಕ್ಸ್-ರೇ ಉಪಕರಣಗಳ ಕೆಲಸ ಮಾಡಿದವನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎದೆಯ ಎಕ್ಸ್-ರೇ ತೆಗೆಯುವಾಗ ಕಿರಣ ದಾಟಬೇಕಾದದ್ದು ಒಂದು ಗೇಣು ದಪ್ಪದ ಮೈಯನ್ನು. ಅಷ್ಟರಲ್ಲೇ ಬಹುಪಾಲು ಕಿರಣ ಒಳಗೇ ಉಳಿದುಬಿಡುತ್ತದೆ. ಫಿಲ್ಮಿನಲ್ಲಿ ಮೂಳೆ ಬೆಳ್ಳಗೆ ಕಾಣುತ್ತದಲ್ಲ, ಅಲ್ಲಿ ಕಿರಣ ಸರಿಯಾಗಿ ದಾಟಲಿಲ್ಲ ಅಂತಲೇ ಅರ್ಥ. ದಾರಿಯಲ್ಲಿ ಎಷ್ಟು ಸರಕು ಅಡ್ಡ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಈಗ ಗಾಳಿಯ ಲೆಕ್ಕ ಹಾಕಿ. ಗಾಳಿ ತೆಳು, ನಿಜ. ಆದರೆ ನಮ್ಮ ತಲೆ ಮೇಲೆ ಅದು ತುಂಬಾ ಎತ್ತರಕ್ಕೆ ಪೇರಿಸಿಕೊಂಡಿದೆ. ಅಷ್ಟನ್ನೂ ಒತ್ತಿ ನೀರಿನಷ್ಟು ಗಟ್ಟಿ ಮಾಡಿದರೆ, ಮಂಗಳೂರಿನ ಕಡಲತೀರದಲ್ಲಿ ನಿಂತವನ ತಲೆ ಮೇಲೆ ಸುಮಾರು 10 ಮೀಟರ್ ನೀರು ನಿಂತಂತೆ. ಮೂವತ್ತಮೂರು ಅಡಿ! ತುಂಬಿದ ಬಾವಿಯ ತಳದಲ್ಲಿ ಕೂತು ಆಕಾಶ ನೋಡಿದ ಹಾಗೆ. ಗೇಣು ದಪ್ಪದ ಮೈ ದಾಟುವಾಗಲೇ ಸುಸ್ತಾಗುವ ಕಿರಣ ಮೂವತ್ತಮೂರು ಅಡಿ ನೀರು ದಾಟುವುದು ಸಾಧ್ಯವೇ ಇಲ್ಲ. ದಾಟದೆ ಇರುವುದರಿಂದಲೇ ನಾವೆಲ್ಲ ಬದುಕಿದ್ದೇವೆ ಅನ್ನಿ.

ಮುಳ್ಳಯ್ಯನಗಿರಿ ಹತ್ತೋಣ. 1930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಅಲ್ಲಿ ನಿಂತರೆ ಸುಮಾರು ಐದನೇ ಒಂದು ಪಾಲು ಗಾಳಿ ನಮ್ಮ ಕಾಲ ಕೆಳಗೆ ಉಳಿಯುತ್ತದೆ. ತಲೆ ಮೇಲೆ ಇನ್ನೂ 8 ಮೀಟರ್ ನೀರು ಇದೆ. ಎವರೆಸ್ಟ್ ಹತ್ತಿದರೂ 3 ಮೀಟರಿಗಿಂತ ಜಾಸ್ತಿ. ವಿಮಾನ ಹಾರುವ 11 ಕಿಲೋಮೀಟರ್ ಎತ್ತರದಲ್ಲೂ 2 ಮೀಟರಿನ ಮೇಲೆ. ಬಲೂನು ಹೋಗುವ 40 ಕಿಲೋಮೀಟರಿಗೆ ಬನ್ನಿ, ಉಳಿಯುವುದು 3 ಸೆಂಟಿಮೀಟರ್. ಲೋಟದ ತಳದಲ್ಲಿ ಎರಡು ಬೆರಳಗಲ ನೀರು, ಅಷ್ಟೇ. ಬೆಟ್ಟ ಯಾಕೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಮಾತು ಬೇಡ.

ಆ ಎರಡು ಬೆರಳು ನೀರೂ ಸುಮ್ನೆ ಬಿಡುವುದಿಲ್ಲ. ಎಕ್ಸ್-ರೇಗಳಲ್ಲಿ ಮೃದು, ಗಡಸು ಅಂತ ಭೇದ ಇದೆ. ಅಳೆಯುವುದು ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಬಾಯಿಮಾತಿನಲ್ಲಿ ಕೆಇವಿ. 10 ಕೆಇವಿಯ ಮೃದು ಕಿರಣ 40 ಕಿಲೋಮೀಟರ್ ಎತ್ತರಕ್ಕೂ ಇಳಿದು ಬರುವುದಿಲ್ಲ, ಮೇಲೆಯೇ ಮುಗಿದುಹೋಗುತ್ತದೆ. 20 ಕೆಇವಿ ಆದರೆ ಹತ್ತರಲ್ಲಿ ಒಂದು ಬರುತ್ತದೆ. 30 ಕೆಇವಿ ಆದರೆ ಮೂರರಲ್ಲಿ ಒಂದು. 50 ದಾಟಿದರೆ ಅರ್ಧಕ್ಕಿಂತ ಜಾಸ್ತಿ. ಇದು ನೆತ್ತಿಯ ಮೇಲಿಂದ ನೇರ ಇಳಿಯುವ ಕಿರಣದ ಮಾತು. ಓರೆಯಾಗಿ ಬಂದರೆ ದಾಟಬೇಕಾದ ಗಾಳಿ ಹೆಚ್ಚು, ಸಿಗುವ ಪಾಲು ಇನ್ನೂ ಕಡಿಮೆ. ಹಾಗಾಗಿ ಬಲೂನ್ ಟೆಲಿಸ್ಕೋಪ್ ಅಂದರೆ ಗಡಸು ಎಕ್ಸ್-ರೇ ನೋಡುವ ಕಣ್ಣು. ಆಸ್ಪತ್ರೆಯ ಯಂತ್ರದಲ್ಲಿ ಬರುವ ಕಿರಣಗಳೂ ಹೆಚ್ಚುಕಡಿಮೆ ಇದೇ ಜಾತಿಯವು.

ಮೃದು ಕಿರಣ ಬೇಕಾದವರಿಗೆ ರಾಕೆಟ್ ಬೇಕೇ ಬೇಕು. ಈ ವಿಜ್ಞಾನ ಕಣ್ಣು ಬಿಟ್ಟದ್ದೂ ರಾಕೆಟ್ಟಿನಿಂದಲೇ. 1962ರ ಜೂನ್ 18ರಂದು ಅಮೆರಿಕದಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ಒಂದು ಸಣ್ಣ ರಾಕೆಟ್ ಹಾರಿಸಿದರು. ವೃಶ್ಚಿಕ ರಾಶಿಯ ಕಡೆಯಿಂದ ಜೋರಾದ ಎಕ್ಸ್-ರೇ ಬರುತ್ತಿರುವುದು ಗೊತ್ತಾಯಿತು. ಸೌರಮಂಡಲದ ಆಚೆ ಸಿಕ್ಕ ಮೊದಲ ಎಕ್ಸ್-ರೇ ಮೂಲ ಅದು. ಹೆಸರು ಸ್ಕಾರ್ಪಿಯಸ್ ಎಕ್ಸ್-1. ಜಿಯಾಕೋನಿಗೆ 2002ರಲ್ಲಿ ನೊಬೆಲ್ ಬಂತು. ಆದರೆ ಆ ರಾಕೆಟ್ ಮೇಲೆ ಇದ್ದದ್ದು ಐದಾರು ನಿಮಿಷ. ಕಣ್ಣು ಬಿಟ್ಟು ಸುತ್ತ ನೋಡುವಷ್ಟರಲ್ಲಿ ಕೆಳಗೆ!

ಬಲೂನಿನ ಬಲ ಇರುವುದು ಇಲ್ಲಿ. ಅದು ಗಂಟೆಗಟ್ಟಲೆ ತೇಲುತ್ತದೆ. ಭಾರವನ್ನೂ ಹೊರುತ್ತದೆ, ಒಂದು ಟನ್, ಎರಡು ಟನ್ ಅಂದರೂ ಹೆದರುವುದಿಲ್ಲ. ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ಬಿಟ್ಟರೆ ಅಲ್ಲಿ ಸೂರ್ಯ ಮುಳುಗುವುದಿಲ್ಲ, ಮೇಲಿನ ಗಾಳಿ ಧ್ರುವದ ಸುತ್ತ ತಿರುಗುತ್ತದೆ. ಬಲೂನೂ ಅದರ ಜೊತೆ ವಾರಗಟ್ಟಲೆ ಸುತ್ತುತ್ತದೆ. ಉಪಗ್ರಹ ವರ್ಷಗಟ್ಟಲೆ ನೋಡುತ್ತದೆ, ಒಪ್ಪಿದೆ. ಆದರೆ ಅದಕ್ಕೆ ತಗಲುವ ದುಡ್ಡೂ ಕಾಲವೂ ಬೇರೆಯೇ ಮಟ್ಟದ್ದು. ಕೆಟ್ಟರೆ ಕೈ ಹಾಕಲು ಆಗದು. ಬಲೂನಿನ ಉಪಕರಣ ವಾಪಸ್ ಬರುತ್ತದೆ. ಬಿಚ್ಚಿ ನೋಡಬಹುದು, ಸರಿ ಮಾಡಬಹುದು, ಮುಂದಿನ ವರ್ಷ ಮತ್ತೆ ಹಾರಿಸಬಹುದು. ನನ್ನ ಮಟ್ಟಿಗೆ ಬಲೂನಿನ ದೊಡ್ಡ ಗುಣ ಇದೇ, ಎತ್ತರಕ್ಕಿಂತಲೂ ದೊಡ್ಡದು.

ನನ್ನ ಸ್ವಂತ ಅನುಭವ ಹೇಳುತ್ತೇನೆ. ಎಕ್ಸ್-ರೇ ಹಿಡಿಯುವ ಹಳೆಯ ಪದ್ಧತಿಯ ಡಿಟೆಕ್ಟರ್ ಅಂದರೆ ಒಂದು ಲೋಹದ ಪೆಟ್ಟಿಗೆ. ಒಳಗೆ ಕ್ಸೆನಾನ್ ಅನಿಲ, ಅದರ ನಡುವೆ ಕೂದಲೆಳೆಯಂಥ ತಂತಿಗಳು. ತಂತಿಗೆ ಸಾವಿರಾರು ವೋಲ್ಟ್ ಕೊಟ್ಟಿರುತ್ತೇವೆ. ಒಂದು ಎಕ್ಸ್-ರೇ ಕಣ ಬಂದು ಅನಿಲಕ್ಕೆ ಬಡಿದರೆ ಎಲೆಕ್ಟ್ರಾನ್‌ಗಳು ಚದುರಿ ತಂತಿಗೆ ಓಡುತ್ತವೆ, ಒಂದು ಮಿಡಿತ ಸಿಗುತ್ತದೆ. ಮಿಡಿತ ಎಷ್ಟು ದೊಡ್ಡದೋ ಕಿರಣ ಅಷ್ಟು ಗಡಸು. ಕೇಳಲು ಸುಲಭ. ತೊಂದರೆ ಇರುವುದು ಆ ಸಾವಿರಾರು ವೋಲ್ಟಿನಲ್ಲಿ. ನೆಲದ ಮೇಲೆ ಒಂದು ಸೆಂಟಿಮೀಟರ್ ಸಂದಿನಲ್ಲಿ ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟ್ ಬೇಕು. 40 ಕಿಲೋಮೀಟರ್ ಮೇಲಿನ ತೆಳು ಗಾಳಿಯಲ್ಲಿ ಕೆಲವು ನೂರು ವೋಲ್ಟಿಗೇ ಹಾರಿಬಿಡುತ್ತದೆ. ಪೂರ್ತಿ ನಿರ್ವಾತ ಆದರೆ ಈ ಕಾಟ ಇಲ್ಲ, ನೆಲದ ಗಾಳಿಯಲ್ಲೂ ಇಲ್ಲ. ಬಲೂನು ತೇಲುವ ಎತ್ತರವೇ ಕಿಡಿಗೆ ಹಬ್ಬ. ಹಾಗಾಗಿ ಆ ವಿದ್ಯುತ್ ಪೆಟ್ಟಿಗೆಯನ್ನು ನೆಲದ ಗಾಳಿ ತುಂಬಿಯೇ ಬಿಗಿಯಾಗಿ ಮುಚ್ಚಿ ಕಳಿಸುತ್ತೇವೆ.

ಒಂದು ಸಲ ಆ ಮುಚ್ಚಳ ಮುಚ್ಚಿದ್ದು ನಾನು. ರಬ್ಬರ್ ರಿಂಗಿನ ಮೇಲೆ ಒಂದು ಸಣ್ಣ ದಾರದ ಎಳೆ ಕೂತಿತ್ತು. ಬಹುಶಃ ಒರೆಸಿದ ಬಟ್ಟೆಯದು. ನನ್ನ ಕಣ್ಣಿಗೆ ಬೀಳಲಿಲ್ಲ. ಬಲೂನು ಚೆನ್ನಾಗಿ ಏರಿತು. ಪರದೆ ಮೇಲೆ ಮಿಡಿತದ ಎಣಿಕೆ ಬರುತ್ತಾ ಇತ್ತು. 25 ಕಿಲೋಮೀಟರ್ ದಾಟಿದ ಮೇಲೆ ಎಣಿಕೆ ಹುಚ್ಚು ಹಿಡಿದಂತೆ ಏರಿ, ಒಮ್ಮೆಲೇ ಸೊನ್ನೆಗೆ ಬಿತ್ತು. ಎರಡು ವರ್ಷದ ಕೆಲಸ ಅಲ್ಲಿಗೆ ನಿಂತಿತು. ಅವತ್ತು ಯಾರೂ ನನ್ನನ್ನು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ನಾಲ್ಕು ದಿನದ ಮೇಲೆ ಪೆಟ್ಟಿಗೆ ಲಾರಿಯಲ್ಲಿ ವಾಪಸ್ ಬಂತು. ಬಿಚ್ಚಿದೆವು. ರಬ್ಬರಿನ ಮೇಲೆ ಆ ಎಳೆ ಹಾಗೇ ಇತ್ತು, ಪಕ್ಕದಲ್ಲಿ ಕಿಡಿ ಸುಟ್ಟ ಕಪ್ಪು ಗೆರೆ. ಉಪಗ್ರಹ ಆಗಿದ್ದರೆ ಯಾಕೆ ಸತ್ತಿತು ಅಂತ ಇವತ್ತಿಗೂ ಊಹೆ ಮಾಡುತ್ತಾ ಕೂರಬೇಕಿತ್ತು. ಮುಂದಿನ ಹಾರಾಟದಲ್ಲಿ ಅದೇ ಡಿಟೆಕ್ಟರ್ ರಾತ್ರಿಯಿಡೀ ಕೆಲಸ ಮಾಡಿತು.

ಬಲೂನಿನ ವಿಷಯ. ಜಾತ್ರೆಯ ರಬ್ಬರ್ ಬಲೂನು ನೆನೆಸಿಕೊಳ್ಳಬೇಡಿ. ಹವಾಮಾನ ಇಲಾಖೆ ದಿನವೂ ಬಿಡುವುದು ಆ ಜಾತಿಯದು, ಮೇಲೆ ಹೋಗಿ ಒಡೆಯುತ್ತದೆ. ನಮ್ಮದು ಪಾಲಿಥೀನ್ ಹಾಳೆಯದು. ದಪ್ಪ ಸುಮಾರು 20 ಮೈಕ್ರಾನ್, ಅಂಗಡಿಯಲ್ಲಿ ಕೊಡುತ್ತಿದ್ದ ಅತಿ ತೆಳು ಕವರಿನಷ್ಟು. ಉಗುರು ತಾಗಿದರೂ ಕೆಟ್ಟಿತು. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಬಿಸಿಯಲ್ಲಿ ಅಂಟಿಸಿ ಹೊಲಿದಂತೆ ಮಾಡುತ್ತಾರೆ. ಅಮೆರಿಕದ ನಾಸಾ ಬಳಸುವ ದೊಡ್ಡ ಬಲೂನು ಪೂರ್ತಿ ಉಬ್ಬಿದಾಗ ಅದರೊಳಗೆ 11 ಲಕ್ಷ ಘನ ಮೀಟರ್ ಜಾಗ.

ವಿಶೇಷ ಏನೆಂದರೆ ಬಿಡುವಾಗ ಅದು ಉಬ್ಬಿರುವುದೇ ಇಲ್ಲ. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಚಾರ್ಮಾಡಿ ಹತ್ತಿ ಮುಳ್ಳಯ್ಯನಗಿರಿ ಮುಟ್ಟುವಷ್ಟರಲ್ಲಿ ಬಿಗಿದುಕೊಂಡು ಡಬ್ಬದಂತೆ ಆಗಿರುತ್ತದೆ, ನೋಡಿದ್ದೀರಲ್ವಾ? ಹೊರಗಿನ ಒತ್ತಡ ಐದನೇ ಒಂದು ಪಾಲು ಇಳಿದದ್ದಕ್ಕೇ ಹಾಗೆ. 40 ಕಿಲೋಮೀಟರಿಗೆ ಹೋದರೆ ಅದೇ ಅನಿಲ ಸುಮಾರು 300 ಪಟ್ಟು ಹಿಗ್ಗುತ್ತದೆ. ಅದಕ್ಕೇ ನೆಲದ ಮೇಲೆ ತುದಿಯಲ್ಲಿ ಒಂದು ಗುಳ್ಳೆಯಷ್ಟು ಮಾತ್ರ ಅನಿಲ ತುಂಬುತ್ತಾರೆ. ಉಳಿದದ್ದೆಲ್ಲ ಒದ್ದೆ ಸೀರೆಯ ಹಾಗೆ ಜೋತುಬಿದ್ದಿರುತ್ತದೆ. ಕೆಳಗಿನ ಬಾಯಿ ತೆರೆದೇ ಇರುತ್ತದೆ. ಹೆಚ್ಚಾದ ಅನಿಲ ಅಲ್ಲಿಂದ ಹೊರಗೆ ಹೋಗಲಿ, ಬಲೂನು ಒಡೆಯದಿರಲಿ ಅಂತ.

ಬಿಡುವ ಹೊತ್ತು ನಸುಕು, ಎಲೆ ಅಲುಗದ ಹೊತ್ತು. ಮೈದಾನದಲ್ಲಿ ಹಾಸಿದ ಬಟ್ಟೆಯ ಮೇಲೆ ಬಲೂನು ಉದ್ದಕ್ಕೆ ಮಲಗಿರುತ್ತದೆ. ಅನಿಲ ನುಗ್ಗುವ ಭೋರ್ ಸದ್ದು ಬಿಟ್ಟರೆ ಯಾರೂ ಮಾತಾಡುವುದಿಲ್ಲ. ತುಂಬಿ ಮುಗಿದು ಸದ್ದು ನಿಂತಾಗ ಎದೆ ಹೊಡೆದುಕೊಳ್ಳುವುದು ಕೇಳುತ್ತದೆ. ಹಿಡಿತ ಬಿಟ್ಟ ಕೂಡಲೇ ಗುಳ್ಳೆ ಮೇಲೆ ಹಾರಿ, ಮಲಗಿದ್ದ ಪ್ಲಾಸ್ಟಿಕ್ಕನ್ನು ಸರ್ರನೆ ಎಳೆದು ನಿಲ್ಲಿಸುತ್ತದೆ. ಕೊನೆಯಲ್ಲಿ ಉಪಕರಣ ನೆಲ ಬಿಡುತ್ತದೆ. ಸೆಕೆಂಡಿಗೆ ಸುಮಾರು 5 ಮೀಟರ್ ಏರಿಕೆ. ಎರಡು ಗಂಟೆಯ ಮೇಲೆ ಬೇಕು. ನಡುವೆ 17 ಕಿಲೋಮೀಟರ್ ಆಸುಪಾಸಿನಲ್ಲಿ ನಮ್ಮ ಕಡೆಯ ಆಕಾಶದಲ್ಲಿ ಚಳಿ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಹೋಗುತ್ತದೆ. ಪಾಲಿಥೀನ್ ಅಲ್ಲಿ ಹಪ್ಪಳದಂತೆ ಆಗುವ ಭಯ. ಆ ಗಡಿ ದಾಟುವವರೆಗೂ ಯಾರೂ ಕಾಫಿ ಮುಟ್ಟುತ್ತಿರಲಿಲ್ಲ.

ಈ ಚಳಿಗೆ ತಡೆಯುವ ಬಲೂನನ್ನು ನಮ್ಮ ದೇಶದಲ್ಲೇ ಮಾಡುತ್ತಾರೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಹೈದರಾಬಾದಿನಲ್ಲಿ ಬಲೂನ್ ಕೇಂದ್ರ ನಡೆಸುತ್ತಿದೆ. ಹೋಮಿ ಭಾಭಾ ಕಾಲದ ಕಾಸ್ಮಿಕ್ ಕಿರಣದ, ಅಂದರೆ ಬಾಹ್ಯಾಕಾಶದಿಂದ ನುಗ್ಗಿ ಬರುವ ಕಣಗಳ, ಪ್ರಯೋಗಗಳಿಂದ ಬೆಳೆದ ವಿದ್ಯೆ ಇದು. 1968ರಲ್ಲಿ ಹೈದರಾಬಾದಿನಿಂದ ಹಾರಿದ ಬಲೂನು ಅದೇ ಸ್ಕಾರ್ಪಿಯಸ್ ಎಕ್ಸ್-1ರ ಗಡಸು ಎಕ್ಸ್-ರೇ ಅಳೆದಿತ್ತು. ಹೈದರಾಬಾದಿಗೆ ಇನ್ನೊಂದು ಅನುಕೂಲ ಇದೆ. ಭೂಮಧ್ಯರೇಖೆಯ ಹತ್ತಿರ ಭೂಮಿಯ ಕಾಂತಕ್ಷೇತ್ರ ಕಾಸ್ಮಿಕ್ ಕಣಗಳನ್ನು ಚೆನ್ನಾಗಿ ತಡೆಯುತ್ತದೆ. ಆ ಕಣಗಳೇ ಡಿಟೆಕ್ಟರಿನಲ್ಲಿ ಸುಳ್ಳು ಮಿಡಿತ ಎಬ್ಬಿಸುವುದು. ನಮ್ಮಲ್ಲಿ ಆ ಗದ್ದಲ ಅಮೆರಿಕದ ಟೆಕ್ಸಾಸಿಗಿಂತ ಕಡಿಮೆ.

ಆ ಅನುಭವ ಎಲ್ಲಿಗೆ ಮುಟ್ಟಿತು ನೋಡಿ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಟಿಐಎಫ್‌ಆರ್ ಮಾಡಿದ ಮೂರು ದೊಡ್ಡ ಕ್ಸೆನಾನ್ ಡಿಟೆಕ್ಟರ್‌ಗಳಿದ್ದವು. ಬಲೂನುಗಳಲ್ಲಿ ದಶಕಗಟ್ಟಲೆ ಪಳಗಿದ ವಿದ್ಯೆಯೇ ಅಲ್ಲಿ ಕೂತಿದ್ದು. ಅಮೆರಿಕದಲ್ಲೂ ಇದೇ ಕತೆ. 2012ರಲ್ಲಿ ಹಾರಿದ ನೂಸ್ಟಾರ್ ಎಕ್ಸ್-ರೇ ಉಪಗ್ರಹದ ಕನ್ನಡಿಗಳ ವಿದ್ಯೆ ಮೊದಲು ಪಳಗಿದ್ದು 2005ರ ಒಂದು ಬಲೂನ್ ಹಾರಾಟದಲ್ಲಿ.

ಹಾಗಂತ ಬಲೂನು ಬರೀ ಅಭ್ಯಾಸದ ಮೈದಾನ ಅಂತ ತಿಳಿಯಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. 1976ರಲ್ಲಿ ಯೋಆಖಿಮ್ ಟ್ರ್ಯೂಂಪರ್ ಎಂಬ ಜರ್ಮನ್ ವಿಜ್ಞಾನಿಯ ತಂಡ ಟೆಕ್ಸಾಸಿನಿಂದ ಬಲೂನು ಹಾರಿಸಿ ಹರ್ಕ್ಯುಲಿಸ್ ಎಕ್ಸ್-1 ಎಂಬ ನ್ಯೂಟ್ರಾನ್ ನಕ್ಷತ್ರವನ್ನು ನೋಡಿತು. ನ್ಯೂಟ್ರಾನ್ ನಕ್ಷತ್ರ ಅಂದರೆ ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿ ಗಟ್ಟಿ ತಿರುಳು. ಅದರ ಗಡಸು ಎಕ್ಸ್-ರೇಗಳ ನಡುವೆ ಒಂದು ಗುರುತು ಸಿಕ್ಕಿತು. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಬಿಟ್ಟ ಗುರುತು. ಅದರಿಂದ ಆ ನಕ್ಷತ್ರದ ಕಾಂತಶಕ್ತಿಯನ್ನು ನೇರವಾಗಿ ಲೆಕ್ಕ ಹಾಕಿದರು: ಕೆಲವು ಲಕ್ಷ ಕೋಟಿ ಗಾಸ್. ನಮ್ಮ ದಿಕ್ಸೂಚಿ ತಿರುಗಿಸುವ ಭೂಮಿಯದು ಅರ್ಧ ಗಾಸ್ ಅಷ್ಟೇ. ನ್ಯೂಟ್ರಾನ್ ನಕ್ಷತ್ರದ ಕಾಂತಶಕ್ತಿ ಹೀಗೆ ನೇರವಾಗಿ ಸಿಕ್ಕಿದ್ದು ಅದೇ ಮೊದಲು, ಅದೂ ತೆಳು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದ ಉಪಕರಣದಿಂದ.

ಟೆಲಿಸ್ಕೋಪ್ ಅಂದಿರಿ, ಅದಕ್ಕೆ ಕನ್ನಡಿ ಬೇಕಲ್ಲ. ಎಕ್ಸ್-ರೇ ನೇರವಾಗಿ ಕನ್ನಡಿಗೆ ಬಿದ್ದರೆ ಒಳಗೆ ಹೊಕ್ಕು ಹೋಗುತ್ತದೆ, ವಾಪಸ್ ಬರುವುದಿಲ್ಲ. ಮಳೆಗಾಲದ ರಾತ್ರಿ ಘಾಟಿಯಲ್ಲಿ ಗಾಡಿ ಓಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒದ್ದೆ ಟಾರು ರಸ್ತೆ ಕಾಲ ಬುಡದಲ್ಲಿ ಕಪ್ಪಗಿರುತ್ತದೆ. ಎದುರು ಗಾಡಿಯ ಲೈಟು ದೂರದಿಂದ ಓರೆಯಾಗಿ ಬಿದ್ದಾಗ ಅದೇ ರಸ್ತೆ ಕನ್ನಡಿಯಂತೆ ಕಣ್ಣು ಕುಕ್ಕುತ್ತದೆ. ಎಕ್ಸ್-ರೇ ಕನ್ನಡಿಯೂ ಹೀಗೆ. ಕಿರಣ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಇಟ್ಟರೆ ಮಾತ್ರ ತಿರುಗುತ್ತದೆ, ಅದೂ ಕೂದಲಷ್ಟು. ಅಷ್ಟು ಕಡಿಮೆ ತಿರುಗಿದ ಕಿರಣಗಳು ಒಂದು ಕಡೆ ಸೇರಬೇಕಾದರೆ ಬಹಳ ದೂರ ಬೇಕು. 2024ರ ಜುಲೈನಲ್ಲಿ ಸ್ವೀಡನ್ನಿನಿಂದ ಹಾರಿ ಕೆನಡಾದಲ್ಲಿ ಇಳಿದ ಎಕ್ಸ್‌ಎಲ್-ಕ್ಯಾಲಿಬರ್ ಟೆಲಿಸ್ಕೋಪಿನಲ್ಲಿ ಕನ್ನಡಿಗೂ ಡಿಟೆಕ್ಟರಿಗೂ ನಡುವೆ 12 ಮೀಟರ್ ಉದ್ದದ ಚೌಕಟ್ಟು ಇತ್ತು. ಒಂದು ಬಸ್ಸಿನಷ್ಟು ಉದ್ದ. ಅದು ಗಾಳಿಯಲ್ಲಿ ತೂಗಾಡುತ್ತಲೇ ನಕ್ಷತ್ರವನ್ನು ಹಿಡಿದು ನಿಲ್ಲಬೇಕು.

ಇನ್ನು ಹಾಸನ. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, 1982ರಿಂದ ಇದೆ. ಅಲ್ಲಿಂದ ಏನನ್ನೂ ಹಾರಿಸುವುದಿಲ್ಲ. 36,000 ಕಿಲೋಮೀಟರ್ ಮೇಲಿರುವ ಇನ್ಸಾಟ್, ಜಿಸ್ಯಾಟ್ ತರಹದ ಉಪಗ್ರಹಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಆ ದೊಡ್ಡ ಡಿಶ್‌ಗಳು ಅದಕ್ಕೇ. ಬಲೂನು ಬಿಡಲು ನಮ್ಮ ಜಿಲ್ಲೆಗಳ ಕಷ್ಟ ಬೇರೆ. ಬಲೂನಿಗೆ ಸ್ಟಿಯರಿಂಗ್ ಇಲ್ಲ, ಗಾಳಿ ಒಯ್ದ ಕಡೆ ಹೋಗುತ್ತದೆ. ಹಾರಾಟ ಮುಗಿದಾಗ ರೇಡಿಯೋದಲ್ಲಿ ಆಜ್ಞೆ ಕೊಟ್ಟು ಹಗ್ಗ ಕತ್ತರಿಸುತ್ತೇವೆ, ಉಪಕರಣ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಹೈದರಾಬಾದಿನ ಸುತ್ತ ಅಂದರೆ ತೊಗರಿ, ಜೋಳದ ಬಯಲು. ಜೀಪು ಹೋಗುತ್ತದೆ. ಹಾಸನದಿಂದ ಪಶ್ಚಿಮಕ್ಕೆ ತೇಲಿದರೆ? ಸಕಲೇಶಪುರ ದಾಟಿದರೆ ಶಿರಾಡಿ ಕಾಡು, ಅದರಾಚೆ ಕಡಲು. ಬೇರೆ ಕಡೆ ಇಳಿದರೂ ತೋಟದ ಸಿಲ್ವರ್ ಓಕ್ ಮರದ ತುದಿಯಲ್ಲಿ ಸಿಕ್ಕಿಕೊಂಡರೆ ಇಳಿಸುವುದು ಹೇಗೆ? ಸಾಲದ್ದಕ್ಕೆ ಘಟ್ಟದ ಗಾಳಿ, ಮಂಜು. ವಾಪಸ್ ಸಿಗದ ಉಪಕರಣ ಅಂದರೆ ಬಲೂನಿನ ಅರ್ಧ ಲಾಭ ಹೋಯಿತು ಅಂತಲೇ.

ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ. 2025ರ ಜನವರಿಯಲ್ಲಿ ಹೈದರಾಬಾದಿನಿಂದ ಬಿಟ್ಟ ಬಲೂನಿನ ಸರಕು ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಇಳಿದು ಜನ ಗಾಬರಿಯಾಗಿದ್ದರು. ನಿಮ್ಮ ನೆಂಟರಿಷ್ಟರು ಆ ಕಡೆ ಇದ್ದರೆ ದಯವಿಟ್ಟು ಒಂದು ಮಾತು ಹೇಳಿ. ಪೆಟ್ಟಿಗೆಯ ಮೇಲೆ ವಿಳಾಸ ಇರುತ್ತದೆ. ಪೊಲೀಸರಿಗೆ ತಿಳಿಸಿ, ಬಿಚ್ಚಬೇಡಿ. ಹೊಳೆಯುವ ತಗಡು, ವೈರು ಅಂತ ಕಿತ್ತುಕೊಂಡರೆ ಅದರಿಂದ ಏನೂ ಸಿಗದು. ಅದರೊಳಗೆ ಯಾರೋ ಒಬ್ಬ ವಿದ್ಯಾರ್ಥಿಯ ಮೂರು ನಾಲ್ಕು ವರ್ಷ ಇರುತ್ತದೆ.

ಕೊನೆಗೆ ಮಗಳಿಗೆ ಒಂದು ಕೆಲಸ. ಬಲೂನ್ ಟೆಲಿಸ್ಕೋಪ್ ಮಾಡುವವರೆಲ್ಲ ಮೊದಲು ತಿರುಗಿಸಿ ನೋಡುವುದು ಏಡಿ ನೀಹಾರಿಕೆಯ ಕಡೆಗೆ. 1054ರಲ್ಲಿ ಸಿಡಿದು ಕಂಡ ನಕ್ಷತ್ರದ ಅವಶೇಷ ಅದು. ನಡುವಿನ ನ್ಯೂಟ್ರಾನ್ ನಕ್ಷತ್ರ ಸೆಕೆಂಡಿಗೆ 30 ಸಲ ಸುತ್ತುತ್ತದೆ. 1964ರಲ್ಲೇ ಅಮೆರಿಕದ ಜಾರ್ಜ್ ಕ್ಲಾರ್ಕ್ ಬಲೂನಿನಿಂದ ಅದರ ಗಡಸು ಎಕ್ಸ್-ರೇ ಹಿಡಿದಿದ್ದರು. ಡಿಸೆಂಬರ್ ನಡುವೆ, ಅರೇಬಿಕಾ ಕುಯ್ಲಿನ ದಿನಗಳಲ್ಲಿ, ರಾತ್ರಿ ಹತ್ತರ ಹೊತ್ತಿಗೆ ಕಣದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಲಿ. ಮಳೆ ನಕ್ಷತ್ರಗಳ ಹೆಸರು ನಿಮಗೆ ಗೊತ್ತೇ ಇದೆ. ಎತ್ತರದಲ್ಲಿ ಕೆಂಪಗೆ ರೋಹಿಣಿ, ಅದಕ್ಕಿಂತ ಕೆಳಗೆ ಬಲಕ್ಕೆ ಕೆಂಪಗೆ ಆರಿದ್ರಾ. ಎಡಗಡೆ, ಎರಡರಿಂದಲೂ ಸಮದೂರದಲ್ಲಿ ಒಂದು ಸಾಧಾರಣ ನಕ್ಷತ್ರ ಕಾಣುತ್ತದೆ, ವೃಷಭನ ಒಂದು ಕೊಂಬಿನ ತುದಿ. ಏಡಿ ನೀಹಾರಿಕೆ ಇರುವುದು ಅದರ ಪಕ್ಕದಲ್ಲೇ. ಬರಿಗಣ್ಣಿಗೆ ಕಾಣದು. ಒಳ್ಳೆಯ ಬೈನಾಕ್ಯುಲರ್ ಇದ್ದರೆ, ಮಂಜು ಇಲ್ಲದ ರಾತ್ರಿಯಲ್ಲಿ, ಗಾಜಿನ ಮೇಲೆ ಉಸಿರು ಬಿಟ್ಟಂಥ ಒಂದು ಮಸುಕು ಚುಕ್ಕೆ ಸಿಗುತ್ತದೆ.